ಇಳಿಯಲು ಬೇರೆ ಜಾಗವೇ ಇಲ್ಲದ ದ್ವೀಪಕ್ಕೆ ವಿಮಾನ ಹೇಗೆ ಹೋಗುತ್ತದೆ?

ಪ್ರಶ್ನೆ: ಮಗಳು, ಅಳಿಯ ನಮ್ಮನ್ನು ಚಿಲಿ ದೇಶಕ್ಕೆ ಕರೆದೊಯ್ಯುವ ಯೋಚನೆಯಲ್ಲಿದ್ದಾರೆ. ಅಲ್ಲಿಂದ ಈಸ್ಟರ್ ದ್ವೀಪಕ್ಕೂ ಹೋಗೋಣ ಎನ್ನುತ್ತಾರೆ. ಆ ದೊಡ್ಡ ಕಲ್ಲಿನ ಮೂರ್ತಿಗಳನ್ನು ನೋಡುವ ಆಸೆ ನನಗೂ ಇದೆ. ಆದರೆ ಸುತ್ತ ಸಾವಿರಾರು ಕಿಲೋಮೀಟರ್ ಬರೀ ನೀರು, ಇಳಿಯಲು ಒಂದೇ ರನ್‌ವೇ ಎಂದು ಓದಿ ಎದೆ ಧಸಕ್ಕೆಂದಿತು. ಅಲ್ಲಿ ಇಳಿಯಲು ಆಗದಿದ್ದರೆ ವಿಮಾನ ಎಲ್ಲಿಗೆ ಹೋಗುತ್ತದೆ? ಎರಡೇ ಎಂಜಿನ್ ಇರುವ ವಿಮಾನವನ್ನು ಅಷ್ಟು ದೂರ ಕಳಿಸುವುದು ಸರಿಯೇ? ಇನ್ನೊಂದು ಕುತೂಹಲ. ಅಷ್ಟು ಪುಟ್ಟ ದ್ವೀಪದಲ್ಲಿ ಮೂರು ಕಿಲೋಮೀಟರಿಗಿಂತ ಉದ್ದದ ರನ್‌ವೇ ಯಾಕೆ ಕಟ್ಟಿದರು?
– ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ಮೊದಲು ನಿಮ್ಮ ಮುಖ್ಯ ಪ್ರಶ್ನೆಗೆ ನೇರ ಉತ್ತರ. ಅಲ್ಲಿ ಇಳಿಯಲು ಆಗುವುದಿಲ್ಲ ಎಂಬ ಅನುಮಾನ ಇದ್ದರೆ ವಿಮಾನ ಅಲ್ಲಿಯವರೆಗೆ ಹೋಗುವುದೇ ಇಲ್ಲ. ದ್ವೀಪ ಇನ್ನೂ ನೂರಾರು ಕಿಲೋಮೀಟರ್ ದೂರ ಇರುವಾಗಲೇ ತಿರುಗಿ ಚಿಲಿಯ ರಾಜಧಾನಿ ಸ್ಯಾಂಟಿಯಾಗೊಗೆ ವಾಪಸ್ ಬರುತ್ತದೆ. ಇಳಿಯುತ್ತೇವೋ ಇಲ್ಲವೋ ಎಂಬ ತೀರ್ಮಾನ ದ್ವೀಪದ ಮೇಲೆ ಆಗುವುದಲ್ಲ, ನಡುಗಡಲಿನಲ್ಲಿ ಆಗುವುದು. ಹೇಗೆ ಅಂತ ಬಿಡಿಸಿ ಹೇಳುತ್ತೇನೆ. ಫ್ಲೈಟ್ ಪ್ಲ್ಯಾನ್ ಹಾಕುವ ಕೆಲಸ ಮಾಡಿದವನು ನಾನು. ಈ ಲೆಕ್ಕ ನೋಡಲು ಒರಟಾಗಿ ಕಂಡರೂ ನಿಮ್ಮ ಭಯಕ್ಕೆ ಒಳ್ಳೆಯ ಮದ್ದು.

ಮೊದಲು ಜಾಗ ಎಲ್ಲಿದೆ ಎಂದು ನೋಡೋಣ. ಈಸ್ಟರ್ ದ್ವೀಪವನ್ನು ಅಲ್ಲಿನವರು ರಾಪಾ ನುಯಿ ಎನ್ನುತ್ತಾರೆ. 1888ರಿಂದ ಅದು ಚಿಲಿ ದೇಶಕ್ಕೆ ಸೇರಿದೆ. ವಿಸ್ತೀರ್ಣ ಸುಮಾರು 163 ಚದರ ಕಿಲೋಮೀಟರ್. 2017ರ ಜನಗಣತಿಯಲ್ಲಿ ಜನ ಎಂಟು ಸಾವಿರದೊಳಗೇ. ಊರು ಒಂದೇ, ಹಂಗಾ ರೋವಾ. ಆ ಊರಿನ ಮಗ್ಗುಲಲ್ಲೇ ಮಟವೇರಿ ವಿಮಾನ ನಿಲ್ದಾಣ. ಅಲ್ಲಿಂದ ಪೂರ್ವಕ್ಕೆ ಸ್ಯಾಂಟಿಯಾಗೊ ಸುಮಾರು 3,760 ಕಿಲೋಮೀಟರ್. ಬೆಂಗಳೂರಿನಿಂದ ದುಬೈ ಸುಮಾರು 2,700 ಕಿಲೋಮೀಟರ್ ಅಲ್ವಾ, ಅದಕ್ಕಿಂತ ಸಾವಿರ ಜಾಸ್ತಿ. ಪಶ್ಚಿಮಕ್ಕೆ ಹೋದರೆ ಮೊದಲು ಸಿಗುವ ರನ್‌ವೇ ಫ್ರೆಂಚ್ ಪಾಲಿನೇಷ್ಯದ ಮಂಗರೇವಾ ಬಳಿ. ಅದೂ 2,600 ಕಿಲೋಮೀಟರ್ ಆಚೆ, ಅದೂ ಸಣ್ಣದು. ನಡುವೆ ಪಿಟ್‌ಕೇರ್ನ್ ಎಂಬ ದ್ವೀಪ ಇದೆ. ಅಲ್ಲಿ ಜನ ಇದ್ದಾರೆ, ರನ್‌ವೇ ಇಲ್ಲ.

ನಮ್ಮಲ್ಲಿ ಮಂಗಳೂರಿನ ಬಜ್ಪೆಯಲ್ಲಿ ಮಳೆ, ಮಂಜು ಜಾಸ್ತಿಯಾಗಿ ಇಳಿಯಲು ಆಗದಿದ್ದರೆ ಪೈಲಟ್ ಬೆಂಗಳೂರಿಗೋ ಕಣ್ಣೂರಿಗೋ ತಿರುಗಿಸುತ್ತಾರೆ. ಹೀಗೆ ಎರಡನೆಯದಾಗಿ ಇಟ್ಟುಕೊಳ್ಳುವ ನಿಲ್ದಾಣಕ್ಕೆ ಆಲ್ಟರ್ನೇಟ್ ಎನ್ನುತ್ತೇವೆ. ಸಾಮಾನ್ಯವಾಗಿ ಪ್ರತಿ ವಿಮಾನದ ಕಾಗದದಲ್ಲೂ ಒಂದು ಆಲ್ಟರ್ನೇಟ್ ಬರೆದಿರುತ್ತದೆ. ಅಲ್ಲಿಗೆ ಹೋಗುವಷ್ಟು ಇಂಧನವೂ ಟ್ಯಾಂಕಿನಲ್ಲಿ ಇರುತ್ತದೆ. ಮಟವೇರಿಗೆ ಆ ಸಾಲಿನಲ್ಲಿ ಬರೆಯಲು ಹೆಸರೇ ಇಲ್ಲ. ಅದಕ್ಕೇ ಅಂತರರಾಷ್ಟ್ರೀಯ ನಿಯಮದಲ್ಲಿ ಇಂಥ ನಿಲ್ದಾಣಗಳಿಗೆ ಬೇರೆ ಪಂಗಡ ಮಾಡಿದ್ದಾರೆ. ಐಸೋಲೇಟೆಡ್ ಏರೋಡ್ರೋಮ್, ಅಂದರೆ ಒಂಟಿ ನಿಲ್ದಾಣ.

ಒಂಟಿ ನಿಲ್ದಾಣದ ನಿಯಮದಲ್ಲಿ ಮುಖ್ಯವಾದವು ಎರಡು. ಮೊದಲನೆಯದು ಇಂಧನದ್ದು. ಜೆಟ್ ವಿಮಾನ ಅಲ್ಲಿಗೆ ತಲುಪಿದ ಮೇಲೂ ಮಾಮೂಲಿ ವೇಗದಲ್ಲಿ ಎರಡು ಗಂಟೆ ಹಾರುವಷ್ಟು ಇಂಧನ ಉಳಿಯಬೇಕು. ಯಾವತ್ತೂ ಮುಟ್ಟಬಾರದ ಕೊನೆಯ ಅರ್ಧ ಗಂಟೆಯ ಇಂಧನ ಇದರಲ್ಲೇ ಸೇರಿದೆ. ಈ ಮಾರ್ಗದಲ್ಲಿ ಓಡಾಡುವುದು ಲಾಟಾಮ್ ಕಂಪನಿಯ ಬೋಯಿಂಗ್ 787 ವಿಮಾನಗಳು. ಅವು ಗಂಟೆಗೆ ಸುಮಾರು ಐದು ಟನ್ ಕುಡಿಯುತ್ತವೆ. ಅಂದರೆ ಬರೀ ಕಾಯುವುದಕ್ಕೆಂದು ಹತ್ತು ಟನ್ ಹೊತ್ತುಕೊಂಡು ಹೋಗಬೇಕು. ಆ ಭಾರ ಹೊರಲು ಮತ್ತಷ್ಟು ಇಂಧನ ಸುಡಬೇಕು. ಕಂಪನಿಯ ಲೆಕ್ಕಪತ್ರ ನೋಡುವವರಿಗೆ ಇದು ಹೊಟ್ಟೆ ಉರಿಯುವ ಸಂಗತಿ. ನಿಮಗೆ, ನನಗೆ ನೆಮ್ಮದಿಯ ಸಂಗತಿ. ಯಾಕೆಂದರೆ ಸಮುದ್ರದ ನಡುವಿನ ಮಳೆ ಮೋಡ ಬಹಳ ಸಲ ಬಂದಷ್ಟೇ ಬೇಗ ಸರಿದು ಹೋಗುತ್ತದೆ. ಒಂದೂವರೆ ಗಂಟೆ ಸುತ್ತಾಡುವ ಅವಕಾಶ ಇದ್ದರೆ ಸಾಮಾನ್ಯವಾಗಿ ದಾರಿ ಬಿಡುತ್ತದೆ.

ಎರಡನೆಯದೇ ಮುಖ್ಯ. ಇಂಥ ಕಡೆ ಹೋಗುವ ಪ್ರತಿ ವಿಮಾನಕ್ಕೂ ಒಂದು ಜಾಗ ಮೊದಲೇ ಲೆಕ್ಕ ಹಾಕಿ ಕೊಡಬೇಕು. ಪಾಯಿಂಟ್ ಆಫ್ ನೋ ರಿಟರ್ನ್, ಚಿಕ್ಕದಾಗಿ ಪಿಎನ್‌ಆರ್. (ರೈಲು ಟಿಕೆಟ್ಟಿನ ಪಿಎನ್‌ಆರ್‌ಗೂ ಇದಕ್ಕೂ ಸಂಬಂಧವಿಲ್ಲ, ಬಿಡಿ.) ಅಲ್ಲಿಯವರೆಗೆ ಹೋಗಿ ತಿರುಗಿದರೆ ಹೊರಟ ಊರಿಗೆ ಇಂಧನ ಸಾಕು. ಒಂದು ಹೆಜ್ಜೆ ಮುಂದಿಟ್ಟರೆ ಸಾಲದು. ಆಮೇಲೆ ದ್ವೀಪದಲ್ಲೇ ಇಳಿಯಬೇಕು.

ಲೆಕ್ಕ ಕಷ್ಟದ್ದೇನಲ್ಲ. ಉದಾಹರಣೆಗೆ ಸುಲಭದ ಅಂಕಿಗಳನ್ನು ಇಟ್ಟುಕೊಳ್ಳೋಣ. ಆ ಅಕ್ಷಾಂಶದಲ್ಲಿ ಮೇಲಿನ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ. ಹಾಗಾಗಿ ಹೋಗುವಾಗ ಎದುರು ಗಾಳಿ, ಬರುವಾಗ ಬೆನ್ನಿಗೆ ಗಾಳಿ. ಹೋಗುವ ವೇಗ ಗಂಟೆಗೆ 750 ಕಿಲೋಮೀಟರ್, ಬರುವ ವೇಗ 900 ಎಂದಿರಲಿ. ಕೊನೆಯ ಅರ್ಧ ಗಂಟೆಯದ್ದು ಬದಿಗಿಟ್ಟು ಏಳು ಗಂಟೆ ಹಾರುವಷ್ಟು ಇಂಧನ ಇದೆ ಅನ್ನಿ. ಏಳನ್ನು ಬರುವ ವೇಗ 900ರಿಂದ ಗುಣಿಸಿ, ಎರಡೂ ವೇಗದ ಮೊತ್ತ 1,650ರಿಂದ ಭಾಗಿಸಿ. 3 ಗಂಟೆ 49 ನಿಮಿಷ ಬರುತ್ತದೆ. ಅಷ್ಟು ಹೊತ್ತಿಗೆ ವಿಮಾನ 2,864 ಕಿಲೋಮೀಟರ್ ದಾಟಿರುತ್ತದೆ. ದ್ವೀಪ ಇನ್ನೂ ಸುಮಾರು 895 ಕಿಲೋಮೀಟರ್ ಮುಂದಿದೆ. ಅಂದರೆ 1 ಗಂಟೆ 12 ನಿಮಿಷದ ದಾರಿ. ನಿಜವಾದ ಪ್ಲ್ಯಾನ್‌ನಲ್ಲಿ ಎತ್ತರ, ತೂಕ, ಆ ದಿನದ ಗಾಳಿ ಎಲ್ಲ ಸೇರಿ ಅಂಕಿ ಬದಲಾಗುತ್ತದೆ. ಲೆಕ್ಕದ ಧಾಟಿ ಇದೇ.

ಇಲ್ಲೊಂದು ತಪ್ಪು ತಿಳಿವಳಿಕೆ ಬಹಳ ಜನರಿಗಿದೆ. ಪಿಎನ್‌ಆರ್ ಅಂದರೆ ದಾರಿಯ ನಟ್ಟನಡು ಎಂದುಕೊಳ್ಳುತ್ತಾರೆ. ಅಲ್ಲ. ನಟ್ಟನಡುವಿನ ಲೆಕ್ಕವೇ ಬೇರೆ. ಮುಂದೆ ಹೋದರೂ ಹಿಂದೆ ಬಂದರೂ ಸಮಾನ ಹೊತ್ತು ಹಿಡಿಯುವ ಜಾಗ ಅದು. ಮೇಲಿನ ಅಂಕಿಗಳಲ್ಲೇ ಹಾಕಿ ನೋಡಿದರೆ ಸ್ಯಾಂಟಿಯಾಗೊದಿಂದ 2,050 ಕಿಲೋಮೀಟರಿಗೆ ಬರುತ್ತದೆ. ಅಲ್ಲಿಂದ ಎರಡೂ ಕಡೆಗೆ ಎರಡೂಕಾಲು ಗಂಟೆಯ ಆಸುಪಾಸು. ಯಾರಿಗಾದರೂ ಹೃದಯಾಘಾತ ಆದರೆ, ಎಂಜಿನ್ ಕೈಕೊಟ್ಟರೆ ಆ ಜಾಗ ನೋಡಿ ಯಾವ ಕಡೆ ಹೋಗುವುದು ಎಂದು ತೀರ್ಮಾನಿಸುತ್ತಾರೆ. ಪಿಎನ್‌ಆರ್ ಬರೀ ಇಂಧನದ ಮಾತು.

ಈಗ ಪಿಎನ್‌ಆರ್ ಹತ್ತಿರ ಬಂದಾಗ ಕಾಕ್‌ಪಿಟ್‌ನಲ್ಲಿ ಏನು ನಡೆಯುತ್ತದೆ ನೋಡಿ. ನೀವು ಹಿಂದೆ ಕೂತು ಸಿನಿಮಾ ನೋಡುತ್ತಿರುತ್ತೀರಿ. ಮುಂದೆ ಇಬ್ಬರೂ ಪೈಲಟ್‌ಗಳು ಹೊಸ ಹವಾಮಾನ ವರದಿ ತರಿಸಿಕೊಳ್ಳುತ್ತಾರೆ. ಹೊರಡುವಾಗಿನ ವರದಿ ಆಗ ಹಳಸಿದ ಅನ್ನ, ಅದನ್ನು ಯಾರೂ ನಂಬುವುದಿಲ್ಲ. ಮೋಡ ಎಷ್ಟು ಕೆಳಗಿದೆ, ಎಷ್ಟು ದೂರ ಕಾಣುತ್ತದೆ, ಅಡ್ಡಗಾಳಿ ಎಷ್ಟು, ಇನ್ನು ಎರಡು ಗಂಟೆಯಲ್ಲಿ ಇದೆಲ್ಲ ಹೇಗಾಗಬಹುದು ಎಂದು ನೋಡುತ್ತಾರೆ. ರನ್‌ವೇ ಖಾಲಿ ಇದೆಯಾ, ದೀಪಗಳು ಉರಿಯುತ್ತಿವೆಯಾ, ಅಗ್ನಿಶಾಮಕ ಗಾಡಿ ಸಿದ್ಧ ಇದೆಯಾ ಎಂದು ಕೇಳುತ್ತಾರೆ. ಟ್ಯಾಂಕಿನಲ್ಲಿ ನಿಜಕ್ಕೂ ಉಳಿದಿರುವುದನ್ನು ಪ್ಲ್ಯಾನ್‌ನಲ್ಲಿ ಬರೆದದ್ದಕ್ಕೆ ಹೋಲಿಸುತ್ತಾರೆ. ಎಲ್ಲ ಸರಿ ಇದ್ದರೆ ಮುಂದೆ. ಒಂದು ಸರಿ ಇಲ್ಲದಿದ್ದರೂ ವಾಪಸ್. ಇದರಲ್ಲಿ ಧೈರ್ಯ ತೋರಿಸುವಂಥದ್ದು ಏನೂ ಇಲ್ಲ, ತೋರಿಸಲೂಬಾರದು.

ರನ್‌ವೇ ಖಾಲಿ ಇದೆಯಾ ಎನ್ನುವುದಕ್ಕೆ ಸ್ವಲ್ಪ ಹೆಚ್ಚು ಹೇಳಬೇಕು. ಘಾಟಿ ರಸ್ತೆಯ ತಿರುವಿನಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಹಿಂದಿನ ಬಸ್ಸುಗಳ ಗತಿ ಏನಾಗುತ್ತದೆ, ನಿಮಗೆ ಗೊತ್ತು. ರನ್‌ವೇ ಒಂದೇ ಇದ್ದಾಗಲೂ ಹಾಗೆಯೇ. ಇಳಿದ ವಿಮಾನದ ಟೈರ್ ಸಿಡಿದು ಅದು ರನ್‌ವೇ ಮಧ್ಯೆ ನಿಂತಿತು ಅನ್ನಿ. ಅದನ್ನು ಎಳೆದು ಹಾಕಲು ಗಂಟೆಗಟ್ಟಲೆ ಬೇಕಾಗಬಹುದು. ಹಿಂದಿನಿಂದ ಬರುವ ಇನ್ನೊಂದು ವಿಮಾನ ಪಿಎನ್‌ಆರ್ ದಾಟಿ ಬಿಟ್ಟಿದ್ದರೆ ಅದಕ್ಕೆ ಹೋಗಲು ಜಾಗವೇ ಇಲ್ಲ. ಆದ್ದರಿಂದ ಮಟವೇರಿಯ ಕಡೆ ಹೋಗುವ ವಿಮಾನಗಳನ್ನು ಒಂದೊಂದಾಗಿ ಬಿಡುತ್ತಾರೆ. ಮುಂದಿನದು ಇಳಿದು ರನ್‌ವೇ ತೆರವಾಗುವವರೆಗೆ ಹಿಂದಿನದು ಪಿಎನ್‌ಆರ್ ದಾಟುವಂತಿಲ್ಲ. ಬೆಂಗಳೂರಿನಲ್ಲಿ ಒಂದರ ಬಾಲಕ್ಕೆ ಇನ್ನೊಂದು ವಿಮಾನ ಇಳಿಯುವುದನ್ನು ನೋಡಿದವರಿಗೆ ಇದು ವಿಚಿತ್ರ ಎನಿಸಬಹುದು.

ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ಪೆಸಿಫಿಕ್‌ನಲ್ಲೇ ಒಂದು ಘಟನೆ ಇದೆ. ಹೆದರಿಸಲು ಹೇಳುತ್ತಿಲ್ಲ. 2009ರ ನವೆಂಬರ್ 18ರ ರಾತ್ರಿ ಸಮೋವಾದ ಏಪಿಯಾದಿಂದ ಒಂದು ಸಣ್ಣ ಜೆಟ್ ಆಸ್ಟ್ರೇಲಿಯಾಕ್ಕೆ ಹೊರಟಿತ್ತು. ಒಳಗೆ ಒಬ್ಬ ರೋಗಿ, ಅವರ ಸಂಗಾತಿ, ಡಾಕ್ಟರ್, ನರ್ಸ್, ಇಬ್ಬರು ಪೈಲಟ್‌ಗಳು. ದಾರಿಯಲ್ಲಿ ನಾರ್ಫೋಕ್ ದ್ವೀಪದಲ್ಲಿ ಇಂಧನ ತುಂಬಿಸಿಕೊಳ್ಳುವ ಯೋಚನೆ. ಹೊರಡುವಾಗ ಹವಾಮಾನ ಪರವಾಗಿಲ್ಲ ಎಂದಿತ್ತು. ದಾರಿಯಲ್ಲಿ ಹದಗೆಡುತ್ತಾ ಬಂತು. ಫಿಜಿಗೋ ನ್ಯೂ ಕ್ಯಾಲೆಡೋನಿಯಾಕ್ಕೋ ತಿರುಗಬಹುದಾದ ಹೊತ್ತು ಹಾಗೇ ಕಳೆದುಹೋಯಿತು. ದ್ವೀಪದ ಮೇಲೆ ಬಂದು ನಾಲ್ಕು ಸಲ ಇಳಿಯಲು ನೋಡಿದರು. ರನ್‌ವೇ ಕಾಣಲಿಲ್ಲ. ಕೊನೆಗೆ ಇಂಧನ ಮುಗಿಯುವ ಮೊದಲು ಕತ್ತಲಲ್ಲೇ ಸಮುದ್ರದ ಮೇಲೆ ಇಳಿಸಿದರು. ಒಂದು ಗಂಟೆಗೂ ಹೆಚ್ಚು ಹೊತ್ತು ನೀರಿನಲ್ಲಿ ತೇಲಿದ ಮೇಲೆ ದೋಣಿಯವರು ಬಂದು ಎತ್ತಿಕೊಂಡರು. ಆರೂ ಜನ ಬದುಕಿದರು. ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಸಂಸ್ಥೆ ಇದರ ತನಿಖೆಯನ್ನು ಒಂದು ಸಲ ಮುಗಿಸಿ, ಟೀಕೆ ಬಂದ ಮೇಲೆ ಮತ್ತೆ ಕೈಗೆತ್ತಿಕೊಂಡು 2017ರಲ್ಲಿ ದೊಡ್ಡ ವರದಿ ಕೊಟ್ಟಿತು.

ನೀವು ಗಮನಿಸಬೇಕಾದದ್ದು ಇಷ್ಟೇ. ಪ್ರಯಾಣಿಕರನ್ನು ಒಯ್ಯುವ ವಿಮಾನಗಳಿಗೆ ದೂರದ ದ್ವೀಪಗಳ ವಿಷಯದಲ್ಲಿ ಇದ್ದ ಬಿಗಿ ನಿಯಮ ಆ ಬಗೆಯ ಆಂಬುಲೆನ್ಸ್ ಹಾರಾಟಕ್ಕೆ ಆಗ ಇರಲಿಲ್ಲ. ನೀವು ಕೂರುವ ವಿಮಾನಕ್ಕೆ ಇದೆ. ಮತ್ತೆ ಅಲ್ಲಿ ವಿಮಾನಕ್ಕೆ ಏನೂ ಆಗಿರಲಿಲ್ಲ, ಎಂಜಿನ್ ಚೆನ್ನಾಗಿಯೇ ಇತ್ತು. ಹೊಸ ಹವಾಮಾನ ನೋಡಿ ಸಮಯಕ್ಕೆ ಸರಿಯಾಗಿ ತಿರುಗದೇ ಇದ್ದದ್ದು ಅಲ್ಲಿನ ತೊಂದರೆ. ದೂರದ ದ್ವೀಪದ ಹಾರಾಟದಲ್ಲಿ ನಾನು ಎಂಜಿನ್‌ಗಿಂತ ಈ ವಿಷಯಕ್ಕೇ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತೇನೆ.

ಎಂಜಿನ್ ಎಂದ ಮೇಲೆ ಎರಡೇ ಎಂಜಿನ್ ಸಾಕೇ ಎಂದು ಕೇಳಿದ್ದೀರಿ. ಸಾಕು. ಎರಡು ಎಂಜಿನ್‌ನ ವಿಮಾನ ಒಂದು ಎಂಜಿನ್ ನಿಂತರೂ ಇಂತಿಷ್ಟು ನಿಮಿಷದೊಳಗೆ ಯಾವುದಾದರೂ ನಿಲ್ದಾಣ ಮುಟ್ಟುವ ದಾರಿಯಲ್ಲೇ ಹೋಗಬೇಕು. ಈ ನಿಯಮಕ್ಕೆ ಇಟಾಪ್ಸ್ ಎನ್ನುತ್ತಾರೆ. ಗಾಳಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಸ್ಯಾಂಟಿಯಾಗೊ ದಾರಿಯ ನಡು ಎಂದರೆ ಎರಡೂ ಕಡೆಗೆ ಸುಮಾರು 1,880 ಕಿಲೋಮೀಟರ್. ಒಂದೇ ಎಂಜಿನ್‌ನಲ್ಲಿ ನಿಧಾನವಾಗಿ, ಸ್ವಲ್ಪ ಕೆಳಗೆ ಹಾರಿದರೂ ಎರಡೂವರೆ ಗಂಟೆಯ ಆಸುಪಾಸು. 180 ನಿಮಿಷದ ಅನುಮತಿ ಹಲವು ದಶಕಗಳಿಂದ ಮಾಮೂಲಿ. ಇದೇ ಮಾರ್ಗದಲ್ಲಿ ಬಹಳ ವರ್ಷ ಹಾರಿದ ಬೋಯಿಂಗ್ 767ಕ್ಕೂ ಎರಡೇ ಎಂಜಿನ್. ನಾಲ್ಕು ಎಂಜಿನ್ ಇದ್ದರೆ ನೆಮ್ಮದಿ ಎಂದು ನಮ್ಮ ತಲೆಮಾರಿನವರಿಗೆ ಅನಿಸುವುದು ಸಹಜ. ಆದರೆ ಇವತ್ತಿನ ಜೆಟ್ ಎಂಜಿನ್‌ಗಳು ಹಾರಾಟದ ನಡುವೆ ನಿಲ್ಲುವುದು ಬಹಳ ಅಪರೂಪ. ನಿಯಮಗಳು ಸಡಿಲವಾದದ್ದು ಅದಕ್ಕೇ.

ಸಾಗರದ ನಡುವಿನ ಇಂಥ ರನ್‌ವೇಗಳು ಅಲ್ಲಿಗೆ ಹೋಗದವರಿಗೂ ಆಸರೆ. ಮಿಡ್‌ವೇ ಎಂಬ ಅಮೆರಿಕದ ದ್ವೀಪವನ್ನೇ ನೋಡಿ. ಅಲ್ಲಿ ಊರು ಅಂತ ಇಲ್ಲ. ಇರುವುದು ಲಕ್ಷಗಟ್ಟಲೆ ಆಲ್‌ಬಟ್ರಾಸ್ ಹಕ್ಕಿಗಳು ಮತ್ತು ಅವುಗಳನ್ನು ನೋಡಿಕೊಳ್ಳುವ ಬೆರಳೆಣಿಕೆಯ ಸಿಬ್ಬಂದಿ. ಆದರೂ ಯುದ್ಧಕಾಲದ ಆ ರನ್‌ವೇಯನ್ನು ಸರ್ಕಾರ ದುಡ್ಡು ಹಾಕಿ ಸುಸ್ಥಿತಿಯಲ್ಲಿ ಇಟ್ಟಿದೆ. 2014ರ ಜುಲೈನಲ್ಲಿ ಹೊನೊಲುಲುವಿನಿಂದ ಗ್ವಾಮ್‌ಗೆ ಹೊರಟ ಬೋಯಿಂಗ್ 777 ಒಂದರಲ್ಲಿ ಸುಟ್ಟ ವಾಸನೆ ಬಂತು. ಮುನ್ನೂರಕ್ಕೂ ಹೆಚ್ಚು ಜನ ಒಳಗಿದ್ದರು. ಪೈಲಟ್‌ಗಳು ಮಿಡ್‌ವೇಯಲ್ಲಿ ಇಳಿಸಿದರು. ಇನ್ನೊಂದು ವಿಮಾನ ಬರುವವರೆಗೆ ಜನ ಅಲ್ಲಿನ ಜಿಮ್‌ನಲ್ಲಿ ಕಾದರು. ಆ ರನ್‌ವೇ ಇರದಿದ್ದರೆ ಅವರ ಕಥೆ ಏನಾಗುತ್ತಿತ್ತೋ. ಫ್ರೆಂಚ್ ಪಾಲಿನೇಷ್ಯದ ಟಹೀಟಿಗೂ ಚಿಲಿಗೂ ನಡುವಿನ ನೀರಿನಲ್ಲಿ ಆ ಕೆಲಸ ಮಾಡುವುದು ಮಟವೇರಿ.

ಇಲ್ಲಿಂದ ನಿಮ್ಮ ಕುತೂಹಲಕ್ಕೆ ಬರೋಣ. ಉದ್ದದ ರನ್‌ವೇ ಯಾಕೆ? ಮಟವೇರಿಯದ್ದು ಸುಮಾರು 3,300 ಮೀಟರ್. ನಮ್ಮ ಮಂಗಳೂರಿನದು 2,450 ಮೀಟರ್. ದ್ವೀಪದ ನೈರುತ್ಯ ಮೂಲೆಯನ್ನು ಈ ಕಡಲಂಚಿನಿಂದ ಆ ಕಡಲಂಚಿನವರೆಗೆ ಸೀಳಿದಂತೆ ಮಲಗಿದೆ. ದಕ್ಷಿಣಕ್ಕೆ ರಾನೋ ಕಾವು ಎಂಬ ಸತ್ತ ಜ್ವಾಲಾಮುಖಿಯ ಇಳಿಜಾರು. ಅದನ್ನು ಇಷ್ಟು ಉದ್ದ ಮಾಡಿಸಿದ್ದು ಪ್ರವಾಸಿಗಳಲ್ಲ, ನಾಸಾ.

1980ರ ದಶಕದಲ್ಲಿ ಅಮೆರಿಕದವರು ಸ್ಪೇಸ್ ಶಟಲ್ ಅನ್ನು ಫ್ಲಾರಿಡಾದಿಂದ ಮಾತ್ರವಲ್ಲ, ಕ್ಯಾಲಿಫೋರ್ನಿಯಾದ ವ್ಯಾಂಡನ್‌ಬರ್ಗ್‌ನಿಂದಲೂ ಹಾರಿಸಬೇಕು ಎಂದುಕೊಂಡಿದ್ದರು. ಅಲ್ಲಿಂದ ದಕ್ಷಿಣಕ್ಕೆ ಹಾರಿಸಿದರೆ ಭೂಮಿಯ ಎರಡೂ ಧ್ರುವಗಳ ಮೇಲೆ ಸುತ್ತುವ ಕಕ್ಷೆ ಸಿಗುತ್ತದೆ. ಸೈನ್ಯಕ್ಕೆ ಅದು ಬೇಕಿತ್ತು. ಮೇಲೇರುವಾಗ ಏನಾದರೂ ಕೆಟ್ಟರೆ ಶಟಲ್ ಎಲ್ಲಾದರೂ ಇಳಿಯಬೇಕಲ್ಲ. ಶಟಲ್‌ಗೆ ಇಳಿಯುವಾಗ ಎಂಜಿನ್ ಬಲ ಇರುವುದಿಲ್ಲ. ಭಾರದ ಗ್ಲೈಡರ್ ಥರ ತೇಲುತ್ತಾ ಬಂದು, ಒಂದೇ ಸಲಕ್ಕೆ, ಬಹಳ ವೇಗದಲ್ಲಿ ನೆಲ ಮುಟ್ಟಬೇಕು. ಅದಕ್ಕೆ ಉದ್ದನೆಯ ರನ್‌ವೇ ಬೇಕು. ನಕ್ಷೆಯಲ್ಲಿ ಆ ದಾರಿಯಲ್ಲಿ ಸಿಕ್ಕಿದ್ದು ಈಸ್ಟರ್ ದ್ವೀಪ ಒಂದೇ. 1985ರಲ್ಲಿ ಚಿಲಿಯ ಜತೆ ಒಪ್ಪಂದ ಆಯಿತು. ಆಗ ಅಲ್ಲಿ ಜನರಲ್ ಪಿನೋಶೆ ಆಡಳಿತ. ಕೆಲಸ ಮುಗಿದು 1987ರಲ್ಲಿ ಉದ್ದದ ರನ್‌ವೇ ಸಿದ್ಧವಾಯಿತು.

ಅಷ್ಟರಲ್ಲಿ 1986ರ ಜನವರಿ 28ರಂದು ಚಾಲೆಂಜರ್ ಎಂಬ ಶಟಲ್ ಮೇಲೇರುವಾಗಲೇ ಸಿಡಿದು ದುರಂತ ಆಗಿಹೋಗಿತ್ತು. ವ್ಯಾಂಡನ್‌ಬರ್ಗ್ ಯೋಜನೆಯನ್ನು ಮೂಲೆಗೆ ಹಾಕಿದರು. ಅಲ್ಲಿಂದ ಒಂದೂ ಶಟಲ್ ಹಾರಲಿಲ್ಲ. ಅಂದಮೇಲೆ ಮಟವೇರಿಯಲ್ಲಿ ಇಳಿಯುವ ಪ್ರಶ್ನೆಯೇ ಬರಲಿಲ್ಲ. ಉಳಿದದ್ದು ರನ್‌ವೇ. ದೊಡ್ಡ ಜೆಟ್‌ಗಳು ನಿರಾಳವಾಗಿ ಬಂದು ಹೋಗುವುದಕ್ಕೆ, ಕೋವಿಡ್‌ಗೆ ಮೊದಲು ವರ್ಷಕ್ಕೆ ಲಕ್ಷದಷ್ಟು ಪ್ರವಾಸಿಗಳು ಬರುವುದಕ್ಕೆ ದಾರಿಯಾದದ್ದು ಅದೇ. ಯಾರದೋ ಮದುವೆಗೆ ಹಾಕಿದ ಚಪ್ಪರದಲ್ಲಿ ಊರಿನವರ ಊಟ ಆಯಿತು.

ಅದಕ್ಕಿಂತ ಹಿಂದಿನ ಕಥೆ ನನಗೆ ಹೆಚ್ಚು ಇಷ್ಟ. 1951ರ ಜನವರಿ 19ರಂದು ಚಿಲಿ ವಾಯುಪಡೆಯ ರೊಬೆರ್ಟೊ ಪರಾಗೆ ಎಂಬ ಕ್ಯಾಪ್ಟನ್ ‘ಮನುತಾರ’ ಹೆಸರಿನ ಕ್ಯಾಟಲೀನಾ ವಿಮಾನದಲ್ಲಿ ಲಾ ಸೆರೆನಾದಿಂದ ಹೊರಟರು. ನೀರಿನ ಮೇಲೂ ಇಳಿಯಬಲ್ಲ, ಗಂಟೆಗೆ ಇನ್ನೂರು ಕಿಲೋಮೀಟರ್ ದಾಟಲು ಏದುಸಿರು ಬಿಡುವ ಎರಡು ಎಂಜಿನ್‌ನ ವಿಮಾನ ಅದು. ಹತ್ತೊಂಬತ್ತು ಗಂಟೆಗೂ ಹೆಚ್ಚು ಹಾರಿ ಮರುದಿನ ಮಟವೇರಿಯ ಹುಲ್ಲುಗಾವಲಿನಲ್ಲಿ ಇಳಿಸಿದರು. ಉಪಗ್ರಹ ಇಲ್ಲ, ಜಿಪಿಎಸ್ ಇಲ್ಲ. ಇಪ್ಪತ್ತು ಕಿಲೋಮೀಟರ್ ಚಿಲ್ಲರೆ ಉದ್ದದ ನೆಲದ ಚೂರನ್ನು ಸಾಗರದಲ್ಲಿ ಹುಡುಕಿಕೊಂಡು ಹೋಗಬೇಕಿತ್ತು. ಅವತ್ತಿನ ಪಿಎನ್‌ಆರ್ ದಾಟುವಾಗ ಅವರ ಮನಸ್ಸು ಹೇಗಿತ್ತೋ!

ಆಗ ದ್ವೀಪದ ಜನರ ಬದುಕು ಬಿಗಿಯಾಗಿತ್ತು. ಬಹಳ ವರ್ಷಗಳ ಕಾಲ ದ್ವೀಪವೇ ಒಂದು ಕಂಪನಿಯ ಕುರಿ ದೊಡ್ಡಿ. ಮೂಲ ನಿವಾಸಿಗಳನ್ನು ಹಂಗಾ ರೋವಾದೊಳಗೆ ಕಟ್ಟಿಹಾಕಿದ್ದರು. 1953ರಲ್ಲಿ ಕುರಿ ಕಂಪನಿ ಹೋಯಿತು, ನೌಕಾಪಡೆ ಬಂತು. ಹೊರಗಿನ ಸಾಮಾನು ವರ್ಷಕ್ಕೊಮ್ಮೆ ಹಡಗಿನಲ್ಲಿ. 1960ರ ದಶಕದಲ್ಲಿ ರನ್‌ವೇ ಮಾಡಿದರು. ಅಮೆರಿಕದ ವಾಯುಪಡೆಯೂ ಅಲ್ಲಿ ಬೀಡು ಬಿಟ್ಟಿತ್ತು. 1970ರಲ್ಲಿ ಎಡಪಂಥೀಯ ನಾಯಕ ಅಯೆಂಡೆ ಚಿಲಿಯ ಅಧ್ಯಕ್ಷರಾದಾಗ ಗಂಟುಮೂಟೆ ಕಟ್ಟಿತು. 1966ರಲ್ಲಿ ರಾಪಾ ನುಯಿ ಜನರಿಗೆ ಚಿಲಿಯ ಪೂರ್ಣ ನಾಗರಿಕ ಹಕ್ಕು ಸಿಕ್ಕಿತು. 1967ರಲ್ಲಿ ಪ್ರಯಾಣಿಕರ ವಿಮಾನ ಶುರುವಾಯಿತು. ಆಮೇಲೆ ಅದು ಟಹೀಟಿವರೆಗೂ ಮುಂದುವರಿಯಿತು.

ಅಲ್ಲಿಂದ ಈಚೆಗೆ ದ್ವೀಪಕ್ಕೆ ಬಾಗಿಲು ಅಂದರೆ ಈ ರನ್‌ವೇ. ಒಳ್ಳೆಯ ಬಂದರು ಇಲ್ಲ. ಹಡಗುಗಳು ದೂರದಲ್ಲಿ ಲಂಗರು ಹಾಕಿ, ಸಾಮಾನನ್ನು ಸಣ್ಣ ದೋಣಿಗಳಿಗೆ ಇಳಿಸಬೇಕು. ಅಲೆ ಜಾಸ್ತಿ ಇದ್ದರೆ ದಿನಗಟ್ಟಲೆ ಕಾಯಬೇಕು. ವಿಮಾನದ ಇಂಧನವೂ ಸಮುದ್ರದ ಮೇಲೆಯೇ ಬರಬೇಕು. ತಾಜಾ ಹಣ್ಣು, ತರಕಾರಿ, ಔಷಧ, ಅಂಚೆ ಎಲ್ಲ ನಿಮ್ಮ ಸೀಟಿನ ಕೆಳಗಿನ ಕಾರ್ಗೋದಲ್ಲಿ. ಜೋರು ಕಾಯಿಲೆ ಬಿದ್ದವರನ್ನು ಚಿಲಿಗೆ ಸಾಗಿಸುವುದೂ ವಿಮಾನದಲ್ಲೇ.

ಬಾಗಿಲು ಒಂದೇ ಇದ್ದಾಗ ಅದನ್ನು ಹಿಡಿದವನ ಮಾತು ನಡೆಯುತ್ತದೆ. ದ್ವೀಪದವರಿಗೆ ಇದು ಚೆನ್ನಾಗಿ ಗೊತ್ತು. ಹೊರಗಿನವರು ಬಂದು ನೆಲೆಸುವುದು ಹೆಚ್ಚಾಯಿತು ಎಂದು 2009ರ ಆಗಸ್ಟ್‌ನಲ್ಲಿ ಜನ ರನ್‌ವೇ ಮೇಲೇ ಕೂತು ವಿಮಾನ ನಿಲ್ಲಿಸಿದ್ದರು. ಆ ಹೋರಾಟ ಮುಂದೆ ಕಾನೂನಾಯಿತು. 2018ರ ಆಗಸ್ಟ್‌ನಿಂದ ಹೊರಗಿನವರು, ಚಿಲಿಯ ಬೇರೆ ಊರಿನವರೂ ಸೇರಿ, ಸಾಮಾನ್ಯವಾಗಿ 30 ದಿನಕ್ಕಿಂತ ಹೆಚ್ಚು ಅಲ್ಲಿ ಇರುವಂತಿಲ್ಲ. ಮೊದಲು 90 ದಿನ ಇತ್ತು. ಕೋವಿಡ್ ಬಂದಾಗ 2020ರ ಮಾರ್ಚ್‌ನಲ್ಲಿ ಪ್ರಯಾಣಿಕರ ವಿಮಾನ ನಿಲ್ಲಿಸಿದರು. ದುಡಿಮೆಯೆಲ್ಲ ಪ್ರವಾಸಿಗಳ ಮೇಲೆ ನಿಂತ ಊರು ಅದು. ಆದರೂ 2021ರಲ್ಲಿ ಜನಾಭಿಪ್ರಾಯ ಕೇಳಿದಾಗ ಹೆಚ್ಚಿನವರು ‘ಈಗಲೇ ತೆರೆಯಬೇಡಿ’ ಎಂದರು. ಬಾಗಿಲು ತೆರೆದದ್ದು 2022ರ ಆಗಸ್ಟ್‌ನಲ್ಲಿ. ಅಷ್ಟು ದಿನ ಗದ್ದೆ, ತೋಟ, ಮೀನು ನೆಚ್ಚಿಕೊಂಡು ಬದುಕಿದರು. ನಮ್ಮಂಥ ಪ್ರವಾಸಿಗಳು ಇದನ್ನು ಸ್ವಲ್ಪ ತಲೆಯಲ್ಲಿ ಇಟ್ಟುಕೊಂಡು ಹೋಗಬೇಕು ಎಂದು ನನ್ನ ಅಭಿಪ್ರಾಯ.

ಇನ್ನು ನಿಮ್ಮ ಪ್ರಯಾಣ. ಬೆಂಗಳೂರಿನಿಂದ ಚಿಲಿಗೆ ನೇರ ವಿಮಾನ ಇಲ್ಲ. ದುಬೈ ಇಲ್ಲವೇ ದೋಹಾ ಮುಟ್ಟಿ, ಅಲ್ಲಿಂದ ಬ್ರೆಜಿಲ್‌ನ ಸಾವೊ ಪಾಲೊ, ಅಲ್ಲಿಂದ ಸ್ಯಾಂಟಿಯಾಗೊ ಎಂಬುದು ಒಂದು ದಾರಿ. ಯುರೋಪಿನ ಮೇಲೂ ಹೋಗಬಹುದು. ಹೇಗೆ ಹೋದರೂ ಮೈ ಹಣ್ಣಾಗುತ್ತದೆ. ಸ್ಯಾಂಟಿಯಾಗೊದಲ್ಲಿ ಒಂದೆರಡು ದಿನ ಮಲಗಿ ಎದ್ದು ಆಮೇಲೆ ದ್ವೀಪಕ್ಕೆ ಹೊರಡಿ. ಹೋಗುವಾಗ ಐದೂವರೆ ಗಂಟೆಯ ಹತ್ತಿರ, ಬರುವಾಗ ಅದಕ್ಕಿಂತ ಕಮ್ಮಿ. ಯಾಕೆ ಎನ್ನುವುದು ನಿಮಗೀಗ ಗೊತ್ತು. ದ್ವೀಪದ ಗಡಿಯಾರ ಸ್ಯಾಂಟಿಯಾಗೊಗಿಂತ ಎರಡು ಗಂಟೆ ಹಿಂದೆ.

ವಿಮಾನ ಹತ್ತುವ ಮೊದಲು ಆನ್‌ಲೈನ್ ಫಾರಂ ತುಂಬಬೇಕು. ವಾಪಸ್ ಟಿಕೆಟ್ ಇರಬೇಕು. ಉಳಿಯುವ ಜಾಗವೂ ಗಟ್ಟಿ ಆಗಿರಬೇಕು, ಅದೂ ಚಿಲಿಯ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿದ ವಸತಿಯೇ ಆಗಬೇಕು. ಅಗ್ಗಕ್ಕೆ ಸಿಕ್ಕಿತು ಎಂದು ಯಾವುದೋ ಕೋಣೆ ಹಿಡಿದು ಬಂದವರನ್ನು ವಿಮಾನ ಹತ್ತಲು ಬಿಡುವುದಿಲ್ಲ. ಮೂರ್ತಿಗಳಿರುವ ರಾಷ್ಟ್ರೀಯ ಉದ್ಯಾನಕ್ಕೆ ಬೇರೆ ಟಿಕೆಟ್. ಅದನ್ನು ನೋಡಿಕೊಳ್ಳುವುದು ರಾಪಾ ನುಯಿ ಜನರದ್ದೇ ಆದ ಮಾವು ಹೆನುವಾ ಸಂಸ್ಥೆ. ಹೆಚ್ಚಿನ ಜಾಗಗಳಿಗೆ ಸ್ಥಳೀಯ ಗೈಡ್ ಇಲ್ಲದೆ ಹೋಗುವಂತಿಲ್ಲ. ಬೆಲೆ, ವೀಸಾ ನಿಯಮ ಆಗಾಗ ಬದಲಾಗುತ್ತವೆ, ಅಳಿಯಂದಿರಿಗೆ ಹೊರಡುವ ಮುಂಚೆ ಒಮ್ಮೆ ನೋಡಲು ಹೇಳಿ.

ಇಳಿದ ಮೇಲೆ ಏರೋಬ್ರಿಡ್ಜ್ ಹುಡುಕಬೇಡಿ. ಮೆಟ್ಟಿಲು ಇಳಿದು ಬಿಸಿಲಲ್ಲಿ ನಡೆದೇ ಹೋಗಬೇಕು. ಕಟ್ಟಡ ತಗ್ಗು ಮಾಡಿನದು. ಮನೆಯವರೋ ಹೋಟೆಲಿನವರೋ ಕೊರಳಿಗೆ ಹೂಮಾಲೆ ಹಾಕಿ ಬರಮಾಡಿಕೊಳ್ಳುತ್ತಾರೆ. ಅಲ್ಲಿಂದ ಊರು ನಡೆದು ಹೋಗುವಷ್ಟು ಹತ್ತಿರ.

ನಿಮ್ಮ ವಯಸ್ಸಿನವರಿಗೆ ನಾನು ಒತ್ತಿ ಹೇಳುವ ಎರಡು ಮಾತು ಇವೆ. ಬಿಪಿ, ಸಕ್ಕರೆ ಮಾತ್ರೆಗಳನ್ನು ಬೇಕಾದದ್ದಕ್ಕಿಂತ ಒಂದು ವಾರ ಹೆಚ್ಚಿಗೆ ಇಟ್ಟುಕೊಳ್ಳಿ. ಅದನ್ನು ಚೆಕ್-ಇನ್ ಬ್ಯಾಗಿನಲ್ಲಿ ಅಲ್ಲ, ಕೈಚೀಲದಲ್ಲಿ ಇಡಿ. ಊರಿನಲ್ಲಿ ಆಸ್ಪತ್ರೆ ಇದೆ, ಆದರೆ ಚಿಕ್ಕದು. ಎರಡನೆಯದು, ದ್ವೀಪದಿಂದ ವಾಪಸ್ ಬಂದ ದಿನವೇ ಭಾರತದ ಕಡೆ ಹೊರಡುವ ಟಿಕೆಟ್ ಮಾಡಿಸಬೇಡಿ. ಒಂದೆರಡು ದಿನ ಸಡಿಲ ಬಿಡಿ. ಹೋಗುವ ದಿನ ಮೂರೂವರೆ ಗಂಟೆ ಹಾರಿದ ಮೇಲೆ ಕ್ಯಾಪ್ಟನ್ ‘ಹವಾಮಾನ ಸರಿಯಿಲ್ಲ, ಸ್ಯಾಂಟಿಯಾಗೊಗೆ ತಿರುಗುತ್ತಿದ್ದೇವೆ’ ಎಂದರೆ ಬೇಜಾರು ಆಗುವುದು ಖಂಡಿತ. ಸುಮ್ನೆ ಏಳು ಗಂಟೆ ಕೂತು ಹೊರಟ ಜಾಗಕ್ಕೇ ಬಂದಂತಾಯಿತು ಎಂದು ಅಕ್ಕಪಕ್ಕದವರು ಕೂಗಾಡಲೂಬಹುದು. ನೀವು ಕೂಗಾಡಬೇಡಿ. ಇಳಿದ ಮೇಲೆ ಕೌಂಟರಿಗೆ ಹೋಗಿ, ಮುಂದಿನ ವಿಮಾನದಲ್ಲಿ ಸೀಟು ಮತ್ತು ಆ ರಾತ್ರಿಯ ಹೋಟೆಲ್ ಬಗ್ಗೆ ವಿಚಾರಿಸಿ. ದ್ವೀಪದ ವಸತಿಯವರಿಗೆ ಒಂದು ಮೆಸೇಜ್ ಹಾಕಿ. ಅವರಿಗೆ ಇದೆಲ್ಲ ಅಭ್ಯಾಸ.